ಯಾವುದಾದರೂ ಒಂದು ಹೊಂದಿದರೆ

ಮಾರ್ಚ್ 3, ಸೋಮವಾರ

ವಕೀಲೆ ಇವತ್ತು ಹೇಳಿದ್ದು ಎರಡೇ ಮಾತು. ಓದಬೇಡಿ, ಅಳಿಸಬೇಡಿ. "ಓದಿದ್ರೆ ನೀವು ಉತ್ತರ ಕೊಡದೆ ಇರಲ್ಲ. ಅಳಿಸಿದ್ರೆ ನನ್ನ ಕೈಲಿ ಏನೂ ಉಳಿಯಲ್ಲ. ವಿಚಾರಣೆ ಇಪ್ಪತ್ತೆಂಟಕ್ಕೆ. ಅಲ್ಲಿತನಕ ಬಂದದ್ದೆಲ್ಲ ಒಂದು ಕಡೆ ಬಿದ್ದಿರ್ಲಿ, ನಮ್ಮ ಟೈಪಿಸ್ಟು ಪ್ರಿಂಟ್ ತೆಗೀತಾರೆ."

ಹೇಳುವುದು ಸುಲಭ. ಮನೆ ಬಿಟ್ಟು ಬಂದು ಮೂರು ವಾರ. ಗಂಡನಿಂದ ಇಪ್ಪತ್ತಾರು ಮೇಲ್ ಬಂದಿವೆ, ಇಪ್ಪತ್ತಾರನ್ನೂ ಓದಿದ್ದೇನೆ. ಕೆಲವನ್ನು ಎರಡು ಸಲ. ಈಗ ನಾವಿರುವ ಮನೆಯ ಇನ್ನೂರು ಮೀಟರಿನೊಳಗೆ ಬರಬಾರದು, ಫೋನ್ ಮಾಡಬಾರದು ಎಂದು ಕೋರ್ಟು ಹೇಳಿದೆ. ಮೇಲ್ ಬಗ್ಗೆ ಏನೂ ಹೇಳಿಲ್ಲ. ಅವರು ಜಮೀನು ಅಳೆಯುವ ಸರ್ವೇಯರ್. ಇನ್ನೂರು ಮೀಟರ್ ಎಂದರೆ ಇನ್ನೂರಾ ಒಂದರಲ್ಲಿ ನಿಲ್ಲುವ ಜಾತಿ.

ಹದಿನೆಂಟು ವರ್ಷದ ಅಭ್ಯಾಸ, ಕೈ ಇನ್ನೂ "ಅವರು" ಎಂದೇ ಬರೆಯುತ್ತದೆ. ಇರಲಿ.

ಅವರು ಒಂದು ದಿನವೂ ಕೂಗಿದವರಲ್ಲ, ಕೈ ಎತ್ತಿದವರಲ್ಲ. ಅದಕ್ಕೇ ಯಾರಿಗೂ ವಿವರಿಸಲು ಬರುವುದಿಲ್ಲ. ನಾನು ಕೆಲಸ ಮಾಡುವ ಗೋದಾಮಿನಿಂದ ಬಸ್ ಸ್ಟಾಪಿಗೆ ಆರುನೂರ ನಲವತ್ತು ಹೆಜ್ಜೆ, ಇಪ್ಪತ್ತು ನಿಮಿಷ ಯಾಕಾಯಿತು ಎಂದು ಮೆಲುದನಿಯಲ್ಲಿ ಕೇಳುತ್ತಿದ್ದರು, ಅಷ್ಟೆ. ನಿನ್ನೆಯ ಮೇಲಿನಲ್ಲಿ ಒಂದು ಸಾಲಿತ್ತು: "ಹೊಸ ಮನೆಯ ಬಾಗಿಲು ಹಸಿರು ಬಣ್ಣದ್ದಂತೆ. ಹಸಿರು ನಿನಗೆ ಯಾವತ್ತೂ ಇಷ್ಟವಿರಲಿಲ್ಲ." ಅದನ್ನು ಓದಿದಾಗ ಮಗಳು ಗುಬ್ಬಿ ಸ್ನಾನಕ್ಕೆ ಹೋಗಿದ್ದಳು. ಎದ್ದು ಚಿಲಕ ನೋಡಿ ಬಂದೆ. ಕೂತೆ. ಮತ್ತೆ ಎದ್ದು ನೋಡಿ ಬಂದೆ.

ಮಾರ್ಚ್ 4, ಮಂಗಳವಾರ

ಗೋದಾಮಿನ ಕಂಪ್ಯೂಟರು ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟಿರುವ ಹೆಸರು ಪ್ಲಗ್ಗು. ಏನೇ ಕೆಟ್ಟರೂ ಅವನ ಮೊದಲ ಪ್ರಶ್ನೆ, "ಪ್ಲಗ್ ಹಾಕಿದೀರಾ ಮೇಡಂ?" ನಾನು ಸಮಸ್ಯೆ ಹೇಳಿದ ಮೇಲೆ ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತ.

ಕಷ್ಟ ಏನೆಂದರೆ ಅವರು ಪ್ರತಿ ಸಲವೂ ಹೊಸ ವಿಳಾಸದಿಂದ ಕಳಿಸುತ್ತಾರೆ. ಒಂದನ್ನು ತಡೆದರೆ ಮರುದಿನ ಇನ್ನೊಂದು. "ಹಾಗಾದ್ರೆ ವಿಳಾಸ ನಂಬ್ಕೊಂಡು ಪ್ರಯೋಜನ ಇಲ್ಲ. ಮಾತನ್ನ ಹಿಡೀಬೇಕು. ಯಾವ ಮಾತು ಪ್ರತಿ ಸಲ ಬರುತ್ತೆ?" ಎಂದ.

ಯೋಚಿಸಬೇಕಾಗಲೇ ಇಲ್ಲ, ಮೂರೂ ಬಾಯಿಗೇ ಬಂದವು.

ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.
ನಿನ್ನನ್ನು ನನಗಿಂತ ಬಲ್ಲವರಿಲ್ಲ.
ಎಲ್ಲಿದ್ದರೂ ನನಗೆ ಗೊತ್ತಾಗುತ್ತದೆ.

ಪ್ಲಗ್ಗು ಮೂರನ್ನೂ ಟೈಪ್ ಮಾಡಿಕೊಂಡ. ನನ್ನ ಮುಖ ನೋಡಲಿಲ್ಲ. ಒಳ್ಳೆಯವನು.

ನಿಯಮ ಹೀಗೆ. ಕಳಿಸಿದವರು ನನ್ನ ವಿಳಾಸಪಟ್ಟಿಯಲ್ಲಿ ಇರಬಾರದು, ಇದು ಒಂದು ಷರತ್ತು. ಒಳಗೆ ಆ ಮೂರರಲ್ಲಿ ಯಾವುದಾದರೂ ಮಾತು ಇರಬೇಕು, ಇದು ಎರಡನೆಯದು. ಎರಡೂ ಹೊಂದಿದರೆ ಮೇಲ್ ನನ್ನ ಕಣ್ಣಿಗೆ ಬೀಳದೆ ನೇರ ಬೇರೆ ಕಡತಕ್ಕೆ ಹೋಗುತ್ತದೆ. ಮೇಲೆ ಒಂದು ಚಿಕ್ಕ ಗುಂಡಿ ಇದೆ: "ಎಲ್ಲ ಷರತ್ತೂ ಹೊಂದಿದರೆ" ಅಥವಾ "ಯಾವುದಾದರೂ ಒಂದು ಹೊಂದಿದರೆ". ಪ್ಲಗ್ಗು ವಿವರಿಸಲು ಹೊರಟ. ನಾನೇ ತಡೆದೆ. ಹದಿಮೂರು ವರ್ಷದಿಂದ ಬೋಲ್ಟು ವಿಂಗಡಿಸುತ್ತಿರುವವಳಿಗೆ ಇದನ್ನು ಹೇಳಿಕೊಡಬೇಕೆ? ಎಂಟು ಮಿಲಿಮೀಟರ್ ದಪ್ಪ ಮತ್ತು ನಲವತ್ತು ಉದ್ದ ಮತ್ತು ತುಕ್ಕು ಹಿಡಿಯದ ಉಕ್ಕು, ಮೂರೂ ಸೇರಿದರೆ ಒಂದು ಪೆಟ್ಟಿಗೆ ತುಂಬುವುದಿಲ್ಲ. ಮೂರರಲ್ಲಿ ಯಾವುದಾದರೂ ಒಂದು ಸಾಕು ಎಂದರೆ ಅರ್ಧ ಗೋದಾಮು ಬಂದು ಬೀಳುತ್ತದೆ.

"ಸರಿ, ನೀವೇ ಗುರು. ಆದ್ರೆ ವಾರಕ್ಕೊಂದ್ಸಲ ಆ ಕಡತ ತೆಗೆದು ನೋಡಿ ಮೇಡಂ. ಬೇಕಾದ್ದೂ ಹೋಗಿ ಸೇರ್ಕೊಂಡಿರ್ಬೋದು."

ಆ ಮಾತಿಗೆ ನಾನು ತಲೆಯಾಡಿಸಿದೆ, ಅಷ್ಟೆ. ನಮ್ಮಲ್ಲಿ ಕೆಟ್ಟ ಮಾಲಿನ ಪೆಟ್ಟಿಗೆಗೆ ಕೆಂಪು ಚೀಟಿ ಅಂಟಿಸುತ್ತೇವೆ. ಅಂಟಿಸಿದ ಮೇಲೆ ತಪಾಸಣೆಯವರು ಬರುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಒಂದು ದಿನವೂ ನಾನು ಮುಟ್ಟಿಲ್ಲ, ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಕಡತಕ್ಕೂ ಅದೇ ಹೆಸರಿಟ್ಟೆ. ಕೆಂಪು ಚೀಟಿ.

ಮಾರ್ಚ್ 6, ಗುರುವಾರ

ಎರಡು ದಿನ ಒಂದೂ ಕಾಣಲಿಲ್ಲ. ಕಡತದ ಪಕ್ಕದ ಅಂಕಿ ಮಾತ್ರ ಏರುತ್ತಿದೆ, ಈಗ ಮೂರು. ನೋಡದಿದ್ದರೂ ಅಲ್ಲಿ ಕೂತಿವೆ ಎಂದು ಗೊತ್ತು.

ಗುಬ್ಬಿಯ ಫೋನ್ ತೆಗೆದಿಟ್ಟುಕೊಂಡೆ. ನನ್ನ ದಾರಿ ಮುಚ್ಚಿದರೆ ಅವರು ಅವಳ ದಾರಿ ಹಿಡಿಯುತ್ತಾರೆ, ಅದು ಖಂಡಿತ.

"ನಾನೇನು ತಪ್ಪು ಮಾಡ್ದೆ ಅಮ್ಮ?"

"ತಪ್ಪಲ್ಲ ಕಣೇ, ಇಪ್ಪತ್ತೆಂಟನೇ ತಾರೀಖಿನ ತನಕ ಅಷ್ಟೆ."

"ಏನಾದ್ರೂ ಆದ್ರೆ ನಿಂಗೆ ಹೇಗೆ ಹೇಳ್ಲಿ?"

ಅದನ್ನೂ ಯೋಚಿಸಿಟ್ಟಿದ್ದೆ. ಕಾಲೇಜಿನ ಲೈಬ್ರರಿಯಲ್ಲಿ ಕಂಪ್ಯೂಟರಿದೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿಂದ ಒಂದು ಮೇಲ್ ಹಾಕಬೇಕು. ಇದ್ದೇನೆ ಎಂದರೆ ಸಾಕು. ಅವಳು ಮುಖ ಊದಿಸಿಕೊಂಡಳು. ಹದಿನೇಳರ ಹುಡುಗಿ, ಊದಿಸಿಕೊಳ್ಳಲಿ. ಹತ್ತು ನಿಮಿಷ ಆದ ಮೇಲೆ ಬಾಗಿಲ ಸಂದಿಯಿಂದ ತಲೆ ಹಾಕಿ, "ದಿನಾ ಒಂದೇ ಥರ ಬರೆದ್ರೆ ಬೋರಾಗಲ್ವಾ? ಒಂದಿನ 'ಇಲ್ಲ' ಅಂತ ಬರೀಲಾ?" ಎಂದಳು. ನಗು ತಡೆಯಲಾಗಲಿಲ್ಲ. ಈ ಮನೆಗೆ ಬಂದ ಮೇಲೆ ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕೆವು.

ಮಾರ್ಚ್ 10, ಸೋಮವಾರ

1.02ಕ್ಕೆ ಬಂತು. "ಇದ್ದೀನಿ. ಹಸಿವಾಗ್ತಿದೆ."

ಕೆಂಪು ಚೀಟಿ: 7.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಹನ್ನೊಂದಕ್ಕೆ, ಸರಕಿನ ಆರ್ಡರುಗಳ ನಡುವೆ, ಗುರುತಿಲ್ಲದ ವಿಳಾಸದಿಂದ ಒಂದು ಮೇಲ್. ವಂದನೆ ಇಲ್ಲ, ಸಹಿ ಇಲ್ಲ. ಒಂದೇ ಸಾಲು.

"ಕಾಲೇಜಿನಿಂದ ಮನೆಗೆ ಸಾವಿರದ ಎಂಟುನೂರು ಮೀಟರ್."

ಅಂದರೆ ನಡೆದಿದ್ದಾರೆ. ಆ ದಾರಿಯನ್ನು ಆ ಕಾಲುಗಳು ಅಳೆದಿವೆ. ಕೈಯಲ್ಲಿದ್ದ ವಾಷರುಗಳ ತಟ್ಟೆ ಜಾರಿ ನೆಲದ ತುಂಬ ಚೆಲ್ಲಿತು. ಆರಿಸಿಕೊಳ್ಳುವ ನೆಪದಲ್ಲಿ ಕಪಾಟುಗಳ ನಡುವೆ ಸುಮಾರು ಹೊತ್ತು ಕೆಳಗೇ ಕೂತಿದ್ದೆ.

ವಕೀಲೆಗೆ ಫೋನ್ ಮಾಡಿದೆ. ಅದರಲ್ಲಿ ಬೆದರಿಕೆ ಎನ್ನುವಂಥ ಮಾತೇ ಇಲ್ಲವಲ್ಲ ಎಂದರು. ಅದೂ ನಿಜ. ನಿಯಮ ಬಿಟ್ಟದ್ದೂ ಅದಕ್ಕೇ. ವಿಳಾಸ ಹೊಸದು, ಮೊದಲನೆಯ ಷರತ್ತು ಹೊಂದಿತು. ಆದರೆ ಮೂರು ಮಾತಿನಲ್ಲಿ ಒಂದೂ ಇರಲಿಲ್ಲ, ಎರಡನೆಯದು ಹೊಂದಲಿಲ್ಲ. ಕಲಿತುಬಿಟ್ಟಿದ್ದಾನೆ.

ಗುಬ್ಬಿಗೆ ಕೂಡಲೇ ಬರೆದೆ. ಮನೆಯಲ್ಲಿ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ, ಬರೆದರೆ ಕೂತು ಓದುತ್ತಾಳೆ. "ಗುಬ್ಬಿ, ಕಾಲೇಜು ಬಿಟ್ಟರೆ ಮನೆ, ಮನೆ ಬಿಟ್ಟರೆ ಕಾಲೇಜು. ಗೆಳತಿಯರ ಮನೆ, ಅಂಗಡಿ ಯಾವುದೂ ಬೇಡ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದು ಎಂದುಕೊಳ್ಳಬೇಡ, ಎಲ್ಲಿದ್ದರೂ ನನಗೆ ಗೊತ್ತಾಗುತ್ತದೆ. ದಿನಾ ಈ ಮೇಲಿಗೇ ಉತ್ತರ ಹಾಕು, ಬೇರೆ ಬೇರೆ ಬರೆಯಬೇಡ. ಎಲ್ಲ ಒಂದೇ ಕಡೆ ಇದ್ದರೆ ನನಗೆ ನೋಡಲು ಸುಲಭ." ಸ್ವಲ್ಪ ಗಡುಸಾಯಿತೇನೋ. ಗಡುಸಾಗದಿದ್ದರೆ ಮಕ್ಕಳು ಕೇಳುವುದಿಲ್ಲ.

ಆಮೇಲೆ ನಿಯಮ ತೆರೆದೆ. ಪ್ಲಗ್ಗು ಊಟಕ್ಕೆ ಹೋಗಿದ್ದ, ಅವನು ಬೇಕಾಗಲೂ ಇಲ್ಲ. ಮೇಲಿನ ಗುಂಡಿಯನ್ನು "ಎಲ್ಲ ಷರತ್ತೂ ಹೊಂದಿದರೆ" ಎಂಬುದರಿಂದ "ಯಾವುದಾದರೂ ಒಂದು ಹೊಂದಿದರೆ" ಎಂಬಲ್ಲಿಗೆ ಸರಿಸಿದೆ. ವಿಳಾಸ ಹೊಸದಾದರೂ ಸರಿ, ಮಾತು ಹಳೆಯದಾದರೂ ಸರಿ, ಎರಡರಲ್ಲಿ ಒಂದು ಸಾಕು. ಬಲೆ ದೊಡ್ಡದಾಗುತ್ತದೆ ಎಂದು ಗೊತ್ತು. ಆಗಲಿ. ಕರೆಂಟ್ ಬಿಲ್ಲು ನಾಲ್ಕು ದಿನ ತಡವಾಗಿ ನೋಡಿದರೆ ಯಾರೂ ಸಾಯುವುದಿಲ್ಲ.

ಮಾರ್ಚ್ 12, ಬುಧವಾರ

ಒಂದು ಗಂಟೆ. ಇಲ್ಲ. ಒಂದೂಕಾಲು. ಇಲ್ಲ. ಒಂದೂವರೆಗೆ ಮೇಲ್ವಿಚಾರಕರಿಗೆ ಹೇಳದೆಯೇ ಹೊರಟೆ. ಆಟೋದಲ್ಲಿ ಕೂತೆ. ಎಂಥೆಂಥದೋ ಕಣ್ಣ ಮುಂದೆ ಬರುತ್ತಿತ್ತು, ಬರೆಯಲಾರೆ.

ಗುಬ್ಬಿ ಲೈಬ್ರರಿಯಲ್ಲಿದ್ದಳು. ಕಿಟಕಿಯ ಪಕ್ಕ ಇಬ್ಬರು ಗೆಳತಿಯರ ಜೊತೆ ಕೂತು ಏನೋ ಬರೆದುಕೊಳ್ಳುತ್ತಿದ್ದಳು. ನಾನು ಬಾಗಿಲಿನಿಂದಲೇ ಅವಳನ್ನು ಕೂಗಿದೆನಂತೆ. ಜೋರಾಗಿ. ಇಡೀ ಲೈಬ್ರರಿ ತಿರುಗಿ ನೋಡಿತು. ಗುಬ್ಬಿಯ ಕಿವಿ ಕೆಂಪಾಯಿತು.

"ಕಳಿಸಿದೀನಮ್ಮ. ಸರಿಯಾಗಿ ಒಂದು ಗಂಟೆಗೆ."

"ಬಂದಿಲ್ಲ."

"ಕಳಿಸಿದೀನಿ ಅಂದ್ನಲ್ಲ."

ಲೈಬ್ರರಿಯನ್ ನನಗೆ ಒಂದು ಲೋಟ ನೀರು ಕೊಟ್ಟರು, ಗಟ್ಟಿ ಕನ್ನಡಕದ ಹೆಂಗಸು. ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

ಮಾರ್ಚ್ 14, ಶುಕ್ರವಾರ

ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಕೇಳಿದರೆ ಅದೇ ಪಾಠ, ಕಳಿಸಿದೀನಿ. ಸಂಜೆ ಮಾತು ಏರಿತು.

"ಫೋನ್ ಕೊಡು, ಕಳಿಸಿದ್ದನ್ನ ತೋರಿಸ್ತೀನಿ."

ಓಹೋ, ಇದು ಆ ದಾರಿಯೇ ಎಂದು ಹೊಳೆಯಿತು. ಫೋನ್ ಕೈಗೆ ಬರಲಿ ಎಂದೇ ಈ ಆಟ. ಕೊಡಲಿಲ್ಲ.

"ಬೇರೆಲ್ಲಾದ್ರೂ ಬಿದ್ದಿರ್ಬೋದು, ಸರಿಯಾಗಿ ನೋಡಮ್ಮ," ಎಂದಳು. ಸ್ಪ್ಯಾಮ್ ನೋಡಿದೆ, ಕಸದ ಬುಟ್ಟಿ ನೋಡಿದೆ. ಇಲ್ಲ. ಕೆಂಪು ಚೀಟಿಯಲ್ಲಿ ಇರಲು ಸಾಧ್ಯವೇ ಇಲ್ಲ, ಅವಳ ವಿಳಾಸ ನನ್ನ ಪಟ್ಟಿಯಲ್ಲಿ ಮೊದಲನೆಯದು. ಅದನ್ನು ತೆರೆಯುವ ಧೈರ್ಯವೂ ನನಗಿಲ್ಲ. ಅಂಕಿ 31 ಆಗಿದೆ. ಒಂದು ಮುಟ್ಟಿದರೆ ಎಲ್ಲ ಓದುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ಕಣ್ಣು ನೋಡಿಕೊಂಡೇ ಸುಳ್ಳು ಹೇಳುತ್ತಾಳೆ. ಯಾರ ರಕ್ತವೋ.

ಮಾರ್ಚ್ 17, ಸೋಮವಾರ

ನಿನ್ನೆ ಭಾನುವಾರ ನಾನೇ ನಡೆದು ನೋಡಿದೆ. ಕಾಲೇಜು ಗೇಟಿನಿಂದ ಹಸಿರು ಬಾಗಿಲಿಗೆ ನನ್ನ ನಡಿಗೆಯಲ್ಲಿ ಇಪ್ಪತ್ತೆರಡು ನಿಮಿಷ. ನಾಲ್ಕಕ್ಕೆ ಕಾಲೇಜು ಬಿಟ್ಟರೆ 4.22ಕ್ಕೆ ಬರಬೇಕು. ದಾರಿಯಲ್ಲಿ ರಸ್ತೆ ದಾಟುವುದಕ್ಕೆ ಮೂರು ನಿಮಿಷ ಮಾಫಿ.

ಇವತ್ತು 4.37ಕ್ಕೆ ಬಂದಳು. ಹನ್ನೆರಡು ನಿಮಿಷ ಎಲ್ಲಿ ಹೋಯಿತು ಎಂದು ಕೇಳಿದೆ. ಕೂಗಲಿಲ್ಲ, ಮೆತ್ತಗೇ ಕೇಳಿದೆ. ಅವಳು ನನ್ನನ್ನು ತುಂಬ ಹೊತ್ತು ನೋಡಿದಳು. ಆಮೇಲೆ "ಚಪ್ಪಲಿ ಕಿತ್ತೋಯ್ತು" ಎಂದು ಕೈಯಲ್ಲಿದ್ದ ಚಪ್ಪಲಿ ತೋರಿಸಿದಳು. ಕಿತ್ತಿತ್ತು ನಿಜ. ಹೊಸದು ಕೊಡಿಸಬೇಕು.

ಬಾಗಿಲ ಹಿಂದೆ ಒಂದು ಹಾಳೆ ತೂಗುಹಾಕಿದ್ದೇನೆ, ಹೋದ ಹೊತ್ತು, ಬಂದ ಹೊತ್ತು. ಗೋದಾಮಿನಲ್ಲಿ ಲಾರಿಗಳಿಗೆ ಇಡುವ ಹಾಗೆ. ಬರೆದಿಟ್ಟರೆ ಮನಸ್ಸಿಗೆ ಎಷ್ಟೋ ಸಮಾಧಾನ.

ಮಾರ್ಚ್ 19, ಬುಧವಾರ

ಇವತ್ತು ತಪಾಸಣೆಯವರು ಬಂದಿದ್ದರು. ಕೆಂಪು ಚೀಟಿಯ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿಸಿ ಅಳತೆ ಹಿಡಿದು ನೋಡಿದರು. ಒಂದು ಗಂಟೆಗೆ ಮೇಲ್ ಬರಲಿಲ್ಲ. ಎದ್ದು ಓಡಲು ಕಾಲು ತುಡಿಯಿತು. ಹೋಗಲಿಲ್ಲ. ಪ್ರತಿ ಸಲವೂ ನಾನು ಓಡಿಹೋಗುತ್ತೇನೆ ಎಂದು ಗೊತ್ತಾದರೆ ಅವಳು ಕಲಿಯುವುದು ಯಾವಾಗ? ಹಲ್ಲು ಕಚ್ಚಿ ಕೂತೆ.

ಕೆಲಸ ಮುಗಿಸಿ ಮನೆಗೆ ಬಂದೆ. 4.25 ಆಯಿತು. 4.40. ಐದು. ಕಿಟಕಿಯ ಪರದೆಯನ್ನು ಬೆರಳಷ್ಟು ಸರಿಸಿ ನಿಂತೇ ಇದ್ದೆ. ರಸ್ತೆಯಲ್ಲಿ ಯಾರೇ ಬಂದರೂ ಮೊದಲು ಅವನ ಹಾಗೆ ಕಾಣುತ್ತಿದ್ದರು, ಹತ್ತಿರ ಬಂದ ಮೇಲೆ ಬೇರೆಯವರಾಗುತ್ತಿದ್ದರು. 5.50ಕ್ಕೆ ಬಂದಳು. ಮುಖ ಬಿಳುಚಿಕೊಂಡಿತ್ತು. ಸಿಕ್ಕಿಬಿದ್ದವರ ಮುಖ ಹಾಗೇ ಇರುತ್ತದೆ.

"ಅಮ್ಮ, ಇವತ್ತು..."

"ಕಾರಣ ಬೇಡ ನಂಗೆ."

"ನಿಂಗೆ... ಗೊತ್ತಾ?"

"ನಂಗೆ ಎಲ್ಲಾ ಗೊತ್ತಾಗುತ್ತೆ," ಎಂದೆ.

"ಗೊತ್ತಿತ್ತಾ," ಎಂದಳು. ಪ್ರಶ್ನೆಯ ಹಾಗೆ ಇರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಳೆಯಲ್ಲಿ ನಾನೇ 5.50 ಎಂದು ಬರೆದೆ. ಬಾಗಿಲ ಹೊರಗಿನಿಂದಲೇ ಹೇಳಿದೆ, ನಾಳೆಯಿಂದ ಮೇಲ್ ಕಳಿಸುವುದೇ ಬೇಡ, ಸುಳ್ಳು ಹೇಳುವುದೂ ಬೇಡ, 4.25ರೊಳಗೆ ಮನೆಯಲ್ಲಿದ್ದರೆ ಸಾಕು.

ಮಾರ್ಚ್ 21, ಶುಕ್ರವಾರ

ಎರಡು ದಿನದಿಂದ 4.22. ನಿಮಿಷ ತಪ್ಪಿಲ್ಲ. ಎದುರು ಮಾತಿಲ್ಲ. ನಿನ್ನೆ, "ಅಮ್ಮ, ಕಿಟಕಿ ತೆಗೀಬೋದಾ?" ಎಂದು ಕೇಳಿ ತೆಗೆದಳು. ಇವತ್ತು ತಲೆ ತೊಳೆದುಕೊಳ್ಳಲೂ ಕೇಳಿದಳು. ಕೊನೆಗೂ ಬುದ್ಧಿ ಬಂತು.

ಮನೆ ಶಾಂತವಾಗಿದೆ. ಊಟ ಮಾತ್ರ ಸರಿಯಾಗಿ ಮಾಡುತ್ತಿಲ್ಲ. ತಟ್ಟೆಯಲ್ಲಿ ಸದ್ದಾಗದ ಹಾಗೆ ಚಮಚ ಇಡುತ್ತಾಳೆ. ಇದನ್ನು ಎಲ್ಲೋ ನೋಡಿದ್ದೇನೆ ಅನಿಸುತ್ತಿದೆ, ನೆನಪಾಗುತ್ತಿಲ್ಲ. ಭಯ ಕಡಿಮೆಯಾಗಬೇಕಿತ್ತು. ಆಗಿಲ್ಲ.

ಮಾರ್ಚ್ 24, ಸೋಮವಾರ

ವಕೀಲೆಯ ಆಫೀಸಿಗೆ ಹೋಗಿ ಕೆಂಪು ಚೀಟಿಯ ಕಡತವನ್ನು ಟೈಪಿಸ್ಟರ ಕಂಪ್ಯೂಟರಿನಲ್ಲಿ ತೆರೆದುಕೊಟ್ಟೆ. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ವಯಸ್ಸಾದ ಮನುಷ್ಯ, ಮೇಜಿನ ಮೇಲೆ ಸ್ಕೇಲು, ಚೂಪಾಗಿ ಕೆತ್ತಿದ ಕೆಂಪು ಪೆನ್ಸಿಲು. "ಹೆದರಿಸೋ ಥರದ ಸಾಲಿಗೆಲ್ಲ ಗೆರೆ ಎಳೆದು ಇಟ್ಟಿರ್ತೀನಮ್ಮ. ಮೇಡಂಗೆ ಓದೋಕೆ ಅನುಕೂಲ ಆಗುತ್ತೆ," ಎಂದರು. ಪ್ರಿಂಟರು ಹಾಳೆಯ ಮೇಲೆ ಹಾಳೆ ಉಗುಳುತ್ತಲೇ ಇತ್ತು. ಅಷ್ಟೊಂದೇ?

ಮಾರ್ಚ್ 26, ಬುಧವಾರ

ಬರೆಯಬೇಕು. ನಡೆದ ಹಾಗೇ ಬರೆಯಬೇಕು.

ಹನ್ನೊಂದಕ್ಕೆ ವಕೀಲೆ ಕರೆಸಿದರು. ಮೇಜಿನ ಮೇಲೆ ಎರಡು ಕಟ್ಟು. ದಪ್ಪದ್ದರಲ್ಲಿ ಬಿಲ್ಲು, ಜಾಹೀರಾತು, ಸುಮ್ಮನೆ ಬಲೆಗೆ ಬಿದ್ದ ಕಸ. ತೆಳ್ಳಗಿನದು ಅವನದು.

"ನಿಮ್ಮ ಮಗಳ ಪತ್ರ ನೋಡಿದ್ರಾ ನೀವು?" ಎಂದರು.

"ಯಾವ ಪತ್ರ?"

ತೆಳ್ಳಗಿನ ಕಟ್ಟಿನಿಂದ ಒಂದು ಹಾಳೆ ಎಳೆದು ನನ್ನ ಕಡೆ ತಿರುಗಿಸಿದರು. ಮಾರ್ಚ್ 19, ಮಧ್ಯಾಹ್ನ 1.04.

"ಅಮ್ಮ, ಅಪ್ಪ ಗೇಟಿನ ಹತ್ರ ನಿಂತಿದ್ದಾರೆ. ಸುಮ್ನೆ ನಿಂತಿದ್ದಾರೆ, ಗಡಿಯಾರ ನೋಡ್ತಿದ್ದಾರೆ. ನಂಗೆ ಭಯ ಆಗ್ತಿದೆ. ಬರ್ತೀಯಾ?"

ಅದರ ಕೆಳಗೆ 1.31ರದ್ದು ಇನ್ನೊಂದು. "ಅಮ್ಮ ಬೇಗ ಬಾ."

ಕುರ್ಚಿಯ ಹಿಡಿ ಹಿಡಿದುಕೊಂಡೆ. ಒಂದು ಗಂಟೆಗೆ ನಾನು ಹಲ್ಲು ಕಚ್ಚಿ ಕೂತಿದ್ದೆ. ಅವಳು ಕಲಿಯಲಿ ಎಂದು.

"ಇದೇ ನಮ್ಮ ಕೈಲಿರೋ ದೊಡ್ಡ ಸಾಕ್ಷಿ," ಎಂದರು ವಕೀಲೆ. "ಆದ್ರೆ ಇದು ಈ ಕಡತಕ್ಕೆ ಯಾಕೆ ಬಂತು? ಮಗಳದ್ದು ಆರು ದಿನದ್ದೂ ಇಲ್ಲೇ ಇವೆ. ನಮ್ಮವರು ಗೆರೆ ಎಳೆದಿರೋದು ನೋಡಿ. ಮಗಳು ಉತ್ತರ ಬರೆದಿರೋದು ಯಾವುದೋ ಪತ್ರಕ್ಕೆ. ಅದು ಕೆಳಗೇ ಅಂಟ್ಕೊಂಡು ಬಂದಿದೆ. ಅಂದ್ರೆ ಅವನು ಹುಡುಗಿಗೂ ಬರೀತಿದ್ದಾನೆ, ಅಲ್ವಾ?"

ನೋಡಿದೆ. ಸ್ಕೇಲು ಹಿಡಿದು ಎಳೆದ ನೇರವಾದ ಕೆಂಪು ಗೆರೆಗಳು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದು ಎಂದುಕೊಳ್ಳಬೇಡ. ಎಲ್ಲಿದ್ದರೂ ನನಗೆ ಗೊತ್ತಾಗುತ್ತದೆ. ಅಂಚಿನಲ್ಲಿ ಟೈಪಿಸ್ಟರು ಸಣ್ಣಕ್ಷರದಲ್ಲಿ ಬರೆದಿದ್ದರು: "ಎಲ್ಲಕ್ಕಿಂತ ಕಟುವಾದದ್ದು."

"ಇದು ಅವನು ಬರೆದದ್ದಲ್ಲ," ಎಂದೆ.

"ಮತ್ತೆ?"

"ನಾನು."

ವಕೀಲೆ ಪೆನ್ನು ಕೆಳಗಿಟ್ಟರು. ಟೈಪಿಸ್ಟರು ಎದ್ದು ಹೊರಗೆ ಹೋದರು. ನಿಯಮ ತಪ್ಪು ಮಾಡಿರಲಿಲ್ಲ. ಯಾವುದಾದರೂ ಒಂದು ಸಾಕು ಎಂದಿದ್ದೆ, ಹಿಡಿ ಎಂದ ಮಾತನ್ನು ಹಿಡಿದಿತ್ತು.

ಆಮೇಲೆ ವಕೀಲೆಯೇ ಹೇಳಿದರು. "ಮಗಳ ಪತ್ರ ಹಾಜರುಪಡಿಸಿದ್ರೆ ಕೆಳಗಿನ ಭಾಗ ಕತ್ತರಿಸೋಕಾಗಲ್ಲ. ಪೂರ್ತಿ ಪುಟ ಹೋಗುತ್ತೆ. ಅವರ ವಕೀಲರೂ ಓದ್ತಾರೆ, ಅವನೂ ಓದ್ತಾನೆ. ತಾಯಿನೂ ಹೀಗೇ ಅಂತ ವಾದ ಮಾಡ್ಬೋದು. ಬೇಡ ಅಂದ್ರೆ ಬಿಟ್ಬಿಡೋಣ. ಆದ್ರೆ ಕಾಲೇಜಿನ ಗೇಟು ಆದೇಶದೊಳಗೆ ಬರೋದು ಕಷ್ಟ."

ಗುಬ್ಬಿಯನ್ನು ಕೇಳಿ ಹೇಳುತ್ತೇನೆ ಎಂದೆ.

4.22ಕ್ಕೆ ಬಂದಳು. ಹಾಳೆಯಲ್ಲಿ ಹೊತ್ತು ಬರೆಯಲು ಪೆನ್ನು ತೆಗೆದುಕೊಂಡಳು. ಬೇಡ ಎಂದೆ. ಹಾಳೆ ಕಿತ್ತೆ. ಅವಳು ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ನನ್ನಿಂದ.

ಆ ದಿನ ಏನಾಯಿತು ಎಂದು ಕೇಳಿದೆ. ನಿಂತೇ ಹೇಳಿದಳು. ಲೈಬ್ರರಿಯನ್ ಕಾಲೇಜು ಬಿಟ್ಟ ಮೇಲೆ ಒಂದೂಕಾಲು ಗಂಟೆ ಅವಳನ್ನು ಒಳಗೇ ಕೂರಿಸಿಕೊಂಡಿದ್ದರು. ಆಮೇಲೆ ಹಿಂದಿನ ಬಾಗಿಲಿನಿಂದ ಕರೆದುಕೊಂಡು ಬಂದು ಬೀದಿಯ ತಿರುವಿನ ತನಕ ಬಿಟ್ಟು ಹೋಗಿದ್ದರು. ಗಟ್ಟಿ ಕನ್ನಡಕದ ಆ ಹೆಂಗಸು.

"ನನಗೆ ಮೇಲ್ ಸಿಕ್ಕಿರಲಿಲ್ಲ ಗುಬ್ಬಿ. ದೇವರಾಣೆಗೂ ಇವತ್ತೇ ನೋಡಿದ್ದು."

"ಎಲ್ಲಾ ಗೊತ್ತಾಗುತ್ತೆ ಅಂದ್ಯಲ್ಲ," ಎಂದಳು. "ಓದೀನೂ ಬರ್ಲಿಲ್ಲ ಅಂದ್ಕೊಂಡೆ. ಶಿಕ್ಷೆ ಕೊಟ್ಟೆ ಅಂದ್ಕೊಂಡೆ."

ಅತ್ತೆ. ಅವಳು ಅಳಲಿಲ್ಲ. ಪುಟವನ್ನು ಅವಳ ಮುಂದಿಟ್ಟು ವಕೀಲೆ ಹೇಳಿದ್ದೆಲ್ಲ ಹೇಳಿದೆ. ಕೆಂಪು ಗೆರೆಗಳ ಮೇಲೆ ಬೆರಳಾಡಿಸುತ್ತ ಓದಿದಳು. "ಕೊಡು," ಎಂದಳು. "ಪೂರ್ತಿ ಕೊಡು."

ಕಪಾಟಿನಿಂದ ಫೋನ್ ತೆಗೆದು ಕೊಟ್ಟೆ. ತೆಗೆದುಕೊಂಡಳು. ಥ್ಯಾಂಕ್ಸ್ ಎಂದಳು, ಅಂಗಡಿಯವರಿಗೆ ಹೇಳುವ ಹಾಗೆ.

ಮಾರ್ಚ್ 28, ಶುಕ್ರವಾರ

ಮೇಲ್ ಕಳಿಸುವಂತಿಲ್ಲ, ಕಾಲೇಜಿನ ಹತ್ತಿರವೂ ಬರುವಂತಿಲ್ಲ ಎಂದು ಆದೇಶವಾಯಿತು.

ಅವನ ವಕೀಲರು ಆ ಪುಟವನ್ನು ಅವನ ಕೈಗೆ ಕೊಟ್ಟರು. ಅವನು ಎಂದಿನ ಹಾಗೆ ನಿಧಾನವಾಗಿ ಓದಿದ. ಕೆಳಗಿನ ಭಾಗಕ್ಕೆ ಬಂದಾಗ ತಲೆ ಎತ್ತಿ ನನ್ನ ಕಡೆ ನೋಡಿ ಸ್ವಲ್ಪ ನಕ್ಕ. ಕೋಪವಿರಲಿಲ್ಲ. ಸಂತೆಯಲ್ಲಿ ಗುರುತಿನವರು ಸಿಕ್ಕಿದಾಗ ನಗುತ್ತಾರಲ್ಲ, ಹಾಗೆ. ಇಷ್ಟು ವರ್ಷದಲ್ಲಿ ನಾನು ಹೆದರಿದ್ದೆಲ್ಲ ಒಂದು ತೂಕ, ಆ ನಗು ಒಂದು ತೂಕ.

ಮಾರ್ಚ್ 31, ಸೋಮವಾರ

ಪ್ಲಗ್ಗುವನ್ನು ಕೂರಿಸಿಕೊಂಡು ನಿಯಮ ಸರಿಮಾಡಿಸಿದೆ. ಮತ್ತೆ "ಎಲ್ಲ ಷರತ್ತೂ ಹೊಂದಿದರೆ". ಮೂರು ಮಾತುಗಳನ್ನು ಹಾಗೇ ಉಳಿಸಿದೆ. ಕಳಿಸುವ ಮೇಲಿಗೂ ಇದೇ ನಿಯಮ ಹಾಕಲು ಬರುತ್ತದೆಯೇ, ನಾನು ಬರೆದದ್ದನ್ನೂ ತಡೆಯುವ ಹಾಗೆ, ಎಂದು ಕೇಳಿದೆ. ಅವನು ತಮಾಷೆ ಎಂದುಕೊಂಡು ನಕ್ಕ. "ಅದಕ್ಕೆ ನೀವೇ ಪ್ಲಗ್ ಎಳೀಬೇಕು ಮೇಡಂ," ಎಂದ.

ಏಪ್ರಿಲ್ 3, ಗುರುವಾರ

ಗುಬ್ಬಿ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಕಿಟಕಿ ತೆಗೆಯಲು ಇನ್ನೂ ಕೇಳುತ್ತಾಳೆ. ಕೇಳಬೇಡ ಎಂದರೆ ಅದಕ್ಕೂ "ಸರಿ" ಎನ್ನುತ್ತಾಳೆ.

ಇವತ್ತು 3.50ಕ್ಕೆ, ಯಾರೂ ಕೇಳದೆಯೇ, ಅವಳಿಂದ ಮೇಲ್ ಬಂತು. ಹೊಸ ಮೇಲ್, ಕೆಳಗೆ ಯಾವ ಪತ್ರವೂ ಅಂಟಿರಲಿಲ್ಲ. "ಅಮ್ಮ, ಲೇಟಾಗುತ್ತೆ. ಬರ್ತೀನಿ."

ಎಲ್ಲಿಗೆ ಎಂದು ಬರೆದೆ. ಯಾರ ಜೊತೆ ಎಂದು ಬರೆದೆ. ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ, ಗೇಟಿನ ಹತ್ತಿರ ನೋಡಿದೆಯಾ, ಎಲ್ಲ ಬರೆದೆ. ಒಂದೊಂದನ್ನೇ ಅಳಿಸಿದೆ. "ಸರಿ" ಎಂದಷ್ಟೇ ಕಳಿಸಿದೆ.

ಮನೆಗೆ ಬಂದು ಪರದೆ ಮುಟ್ಟದೆ ಕೂತೆ. ಕಿಟಕಿಗೆ ಬೆನ್ನು ಮಾಡಿ ಕೂರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಬೀದಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಬೀಗದ ಕೈ ತಿರುಗಿತು. ಗುಬ್ಬಿ ಒಳಗೆ ಬಂದವಳು ಬಾಗಿಲ ಹಿಂದೆ, ಹಾಳೆ ಇದ್ದ ಜಾಗ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು, ನಾನು ಕೇಳುತ್ತೇನೆಂದು ಕಾದಳು.

"ಹಸಿವಾಗಿದ್ಯಾ?" ಎಂದೆ.

ಅವಳು ಹೂಂ ಎಂದಳು. ಕಾಲಲ್ಲಿ ಹೊಸ ಚಪ್ಪಲಿ ಇತ್ತು. ಗಂಟೆ ಎಷ್ಟಾಗಿತ್ತು ಎಂದು ನಾನು ನೋಡಲಿಲ್ಲ.